ಉಪಕರಣದ ಆಯುಷ್ಯವೂ ಶ್ರಾವಕನ ವಿವೇಕವೂ

‘ಕೆಟ್ಟಿದೆ’ ಎಂಬ ಮಾತು ನಮ್ಮ ವ್ಯವಹಾರದಲ್ಲಿ ಬಹಳ ಅಗ್ಗವಾಗಿಬಿಟ್ಟಿದೆ. ಗಡಿಯಾರ ಕೆಟ್ಟಿದೆ, ಪಂಪು ಕೆಟ್ಟಿದೆ, ಯಂತ್ರ ಕೆಟ್ಟಿದೆ ಎನ್ನುತ್ತೇವೆ. ಕೆಟ್ಟದ್ದು ಯಾವ ಭಾಗ, ಯಾವ ಕಾರಣದಿಂದ, ಎಷ್ಟರ ಮಟ್ಟಿಗೆ ಎಂಬ ವಿಚಾರಣೆ ಆರಂಭವಾಗುವ ಮೊದಲೇ ತೀರ್ಪು ಹೊರಬಿದ್ದಿರುತ್ತದೆ. ನಯವಿಚಾರವನ್ನು ಬಲ್ಲ ಸಮಾಜದಲ್ಲಿಯೂ ಈ ಅವಸರ ಉಂಟೆಂಬುದು ಸೋಜಿಗದ ಸಂಗತಿ. ವಸ್ತುವೊಂದು ಒಂದು ದೃಷ್ಟಿಯಿಂದ ಕೆಟ್ಟಿರಬಹುದು, ಮತ್ತೊಂದು ದೃಷ್ಟಿಯಿಂದ ಕೆಟ್ಟಿರಲಾರದು, ಒಂದು ಕಾರ್ಯಕ್ಕೆ ಅಯೋಗ್ಯವಾಗಿಯೂ ಬೇರೊಂದು ಕಾರ್ಯಕ್ಕೆ ಯೋಗ್ಯವಾಗಿಯೂ ಉಳಿದಿರಬಹುದು. ಇದನ್ನು ತತ್ತ್ವಚರ್ಚೆಯ ಸಭೆಯಲ್ಲಿ ಒಪ್ಪಿದವರು ಟ್ರಸ್ಟಿನ ಸಭೆಯಲ್ಲಿಯೂ ಒಪ್ಪಬೇಕಷ್ಟೆ.

ಈ ವಿಚಾರಕ್ಕೆ ಪ್ರೇರಣೆಯಾದದ್ದು ಒಂದು ಫ್ಲಾಟ್‌ಬೆಡ್ ಸ್ಕ್ಯಾನರು. ಗಾಜಿನ ಹಾಸಿನ ಮೇಲೆ ಕಾಗದವನ್ನು ಬೋರಲಾಗಿರಿಸಿ, ಮುಚ್ಚಳ ಮುಚ್ಚಿ, ಕೆಳಗಿನಿಂದ ಬೆಳಕು ಹಾಯಿಸಿ ಚಿತ್ರ ತೆಗೆಯುವ ಈ ಯಂತ್ರವು ಈಚಿನ ವರ್ಷಗಳಲ್ಲಿ ಅನೇಕ ಬಸದಿಗಳ ಕಚೇರಿಯನ್ನು ಹೊಕ್ಕಿದೆ. ನಾನು ಬಲ್ಲ ಒಂದು ಟ್ರಸ್ಟು ತನ್ನ ಹಳೆಯ ಖಾತೆಪುಸ್ತಕಗಳನ್ನೂ ದಾನಿಗಳ ರಸೀದಿಗಳನ್ನೂ ನಿಂತುಹೋದ ಸಮಾಜಪತ್ರಿಕೆಗಳ ಸಂಪುಟಗಳನ್ನೂ ಹೀಗೆ ಚಿತ್ರೀಕರಿಸಿಡುತ್ತಿದೆ. ಕೆಲಸ ಅರ್ಧಕ್ಕೆ ಬರುವ ಹೊತ್ತಿಗೆ ಪ್ರತಿ ಚಿತ್ರದಲ್ಲಿಯೂ ತುದಿಯಿಂದ ಬುಡದವರೆಗೆ ನೂಲಿನಂಥ ಒಂದು ಗೆರೆ ಕಾಣಿಸಿಕೊಂಡಿತು. ಒಂದು ದಿನ ಯಂತ್ರ ಕರಕರ ಶಬ್ದ ಮಾಡಿ ನಿಂತೂ ಹೋಯಿತು. ಅಂಗಡಿಯವರನ್ನು ಕೇಳಿದಾಗ, ಇದು ಹಳೆಯದು, ಇದರ ಬಿಡಿಭಾಗಗಳು ದೊರೆಯವು, ಹೊಸದನ್ನು ಕೊಳ್ಳಿರಿ ಎಂಬ ಉತ್ತರ ಬಂತು. ಮಾರುವವನ ಬಾಯಿಂದ ಬಂದ ಸಲಹೆಯನ್ನು ಪರೀಕ್ಷಿಸದೆ ಸ್ವೀಕರಿಸಲಾಗದೆಂಬುದು ನಲವತ್ತು ವರ್ಷ ಗದ್ದುಗೆಯ ಮೇಲೆ ಕುಳಿತ ನನಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಆದರೆ ಟ್ರಸ್ಟಿನ ತರುಣ ಸದಸ್ಯರು ಒಪ್ಪಿದ್ದರು, ಹಿರಿಯರು ಒಪ್ಪಿರಲಿಲ್ಲ, ಎರಡು ಪಕ್ಷದವರೂ ಯಂತ್ರದ ಮುಚ್ಚಳವನ್ನು ಎತ್ತಿ ನೋಡಿರಲಿಲ್ಲ.

ಮೊದಲು ಯಂತ್ರದ ವಿಷಯವನ್ನೇ ನೋಡೋಣ. ಗಾಜಿನ ಕೆಳಗೆ ಒಂದು ತೊಟ್ಟಿಲು ಹಳಿಯ ಮೇಲೆ ಪುಟದ ಉದ್ದಕ್ಕೆ ಸಾಗುತ್ತದೆ. ಬೆಳಕಿನ ಪ್ರತಿಫಲನವನ್ನು ಗ್ರಹಿಸುವ ಸಂವೇದಕವು ಪುಟದ ಅಗಲಕ್ಕೆ ಅಡ್ಡಲಾಗಿರುತ್ತದೆ. ಅದರ ಒಂದೊಂದು ಬಿಂದುವೂ ಪುಟದ ಒಂದೊಂದು ಎಳೆಯನ್ನು ಆದ್ಯಂತವಾಗಿ ಓದುತ್ತದೆ. ಆದುದರಿಂದ ಒಂದು ಬಿಂದುವಿಗೆ ದೋಷ ತಟ್ಟಿದರೆ ಪುಟದಲ್ಲಿ ಚುಕ್ಕೆ ಬೀಳುವುದಿಲ್ಲ, ಉದ್ದನೆಯ ಗೆರೆ ಬೀಳುತ್ತದೆ. ಎಲ್ಲ ಚಿತ್ರಗಳಲ್ಲಿಯೂ ಒಂದೇ ಜಾಗದಲ್ಲಿ ಚುಕ್ಕೆ ಕಂಡರೆ ಮಲಿನತೆ ಗಾಜಿನ ಮೇಲಿದೆ, ಒದ್ದೆಬಟ್ಟೆಯಿಂದ ತೀರುವ ಮಾತು. ಅಡ್ಡಪಟ್ಟಿಗಳು ಕಂಡರೆ, ಅಥವಾ ಅಕ್ಷರಗಳು ಹಿಗ್ಗಿ ಕುಗ್ಗಿದಂತೆ ಕಂಡರೆ, ತೊಟ್ಟಿಲನ್ನು ಎಳೆಯುವ ಪಟ್ಟಿ ಸಡಿಲಗೊಂಡಿರಬಹುದು ಅಥವಾ ಹಳಿಯ ಮೇಲಣ ಜಿಡ್ಡು ಒಣಗಿರಬಹುದು. ಉದ್ದಗೆರೆಯ ಕಾರಣ ಸಾಮಾನ್ಯವಾಗಿ ಬೇರೆ. ಪ್ರತಿ ಬಾರಿಯೂ ಕೆಲಸಕ್ಕೆ ತೊಡಗುವ ಮುನ್ನ ಯಂತ್ರವು ಗಾಜಿನ ಒಂದು ಅಂಚಿನ ಕೆಳಗೆ ಅಂಟಿಸಿರುವ ಬಿಳಿಯ ಪಟ್ಟಿಯನ್ನು ನೋಡಿ, ಬಿಳಿಯೆಂದರೆ ಇಷ್ಟು ಎಂದು ತನ್ನ ಪ್ರತಿಯೊಂದು ಬಿಂದುವನ್ನೂ ಸರಿಹೊಂದಿಸಿಕೊಳ್ಳುತ್ತದೆ. ಆ ಪಟ್ಟಿಯ ಮೇಲೆ ಒಂದು ಧೂಳಿನ ಕಣ ಕುಳಿತಿದ್ದರೆ, ಆ ಬಿಂದುವಿನ ಅಳತೆಗೋಲೇ ತಪ್ಪಿ, ಪುಟದುದ್ದಕ್ಕೂ ಗೆರೆ ಮೂಡುತ್ತದೆ. ಗೆರೆ ಯಂತ್ರದ್ದೋ ಕಾಗದದ್ದೋ ಎಂದು ತಿಳಿಯಲು ಕಾಗದವನ್ನು ತಲೆಕೆಳಗಾಗಿ ತಿರುಗಿಸಿಟ್ಟು ಮತ್ತೊಮ್ಮೆ ತೆಗೆದರೆ ಸಾಕು. ಗೆರೆ ಚಿತ್ರದಲ್ಲಿ ಹಿಂದಿನ ಸ್ಥಾನದಲ್ಲಿಯೇ ಉಳಿದರೆ ಅದು ಯಂತ್ರದ್ದು, ಬರಹದೊಡನೆ ತಿರುಗಿದರೆ ಕಾಗದದ್ದು. ಇದಕ್ಕೆ ಖರ್ಚು ಏನೂ ಇಲ್ಲ, ಒಂದು ನಿಮಿಷ ಸಾಕು.

ಶಬ್ದದ ಮಾತೂ ಹೀಗೆಯೇ. ಸಾಗಣೆಯಲ್ಲಿ ತೊಟ್ಟಿಲು ಅಲುಗಾಡದಿರಲೆಂದು ಅನೇಕ ಸ್ಕ್ಯಾನರುಗಳಿಗೆ ಕೆಳಭಾಗದಲ್ಲಿಯೋ ಪಕ್ಕದಲ್ಲಿಯೋ ಒಂದು ಚಿಕ್ಕ ಬೀಗವಿರುತ್ತದೆ. ಕಚೇರಿಯಿಂದ ಗ್ರಂಥಾಲಯಕ್ಕೆ ಯಂತ್ರವನ್ನು ಸಾಗಿಸುವಾಗ ಜಾಗರೂಕರಾದವರೊಬ್ಬರು ಆ ಬೀಗವನ್ನು ಹಾಕಿರುತ್ತಾರೆ, ಮರುದಿನ ಕೆಲಸಕ್ಕೆ ಕುಳಿತವರಿಗೆ ಅದು ತಿಳಿದಿರುವುದಿಲ್ಲ. ಮೋಟಾರು ಎಳೆಯುತ್ತದೆ, ತೊಟ್ಟಿಲು ಕದಲದು, ಹಲ್ಲುಚಕ್ರ ಅರಚುತ್ತದೆ. ನಾನು ಹೇಳಿದ ಯಂತ್ರದಲ್ಲಿ ಆದದ್ದು ಇಷ್ಟೇ. ವಿದ್ಯುತ್ತಿನ ಅಡಾಪ್ಟರು ಅದಲುಬದಲಾಗುವುದೂ ಸಾಮಾನ್ಯವೇ. ಮೊಳೆ ತೂತಿಗೆ ಹೊಂದಿದ ಮಾತ್ರಕ್ಕೆ ವೋಲ್ಟೇಜು ಹೊಂದಿತೆಂದು ಅರ್ಥವಲ್ಲ, ಅಡಾಪ್ಟರಿನ ಬೆನ್ನಿನ ಮೇಲೆ ಬರೆದುದನ್ನು ಓದಬೇಕು. ಯುಎಸ್‌ಬಿ ತಂತಿಯನ್ನು ಬದಲಿಸಿ ನೋಡಬೇಕು. ಕವಲುಪೆಟ್ಟಿಗೆಯ ಮೂಲಕ ಜೋಡಿಸಿದ್ದರೆ ಅದನ್ನು ತೆಗೆದು ನೇರವಾಗಿ ಕಂಪ್ಯೂಟರಿಗೆ ಜೋಡಿಸಬೇಕು. ಹಳೆಯ ಮಾದರಿಗಳಲ್ಲಿರುವ ಕೊಳವೆದೀಪವು ವಯಸ್ಸಾದಂತೆ ಬೆಚ್ಚಗಾಗಲು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ; ಅಷ್ಟು ಹೊತ್ತು ಕಾಯದೆ ತೆಗೆದ ಮೊದಲ ಚಿತ್ರದಲ್ಲಿ ಬಣ್ಣ ಕೆಟ್ಟಿದ್ದರೆ ಅದನ್ನೇ ದೋಷವೆಂದು ತೀರ್ಮಾನಿಸಬಾರದು.

ಗಾಜಿನ ಒಳಮೈಗೆ ಮಂಜಿನಂಥ ಪೊರೆ ಕಟ್ಟುವುದು ಕರಾವಳಿ ಮಲೆನಾಡುಗಳಲ್ಲಿ ವಿಶೇಷ. ಒಳಗಿನ ಪ್ಲಾಸ್ಟಿಕ್ಕಿನಿಂದ ಹೊರಡುವ ಆವಿ, ಮಳೆಗಾಲದ ತೇವ, ಬೂಷ್ಟು ಎಲ್ಲವೂ ಸೇರಿ ಕನ್ನಡಿಗಳನ್ನು ಮಸುಕುಗೊಳಿಸುತ್ತವೆ. ಒಳಗನ್ನು ತೆರೆಯುವವರು ಮೊದಲು ವಿದ್ಯುತ್ತಿನ ತಂತಿಯನ್ನು ಕಿತ್ತಿರಬೇಕು. ಗಾಜಿನ ಒಳಮೈಯನ್ನು ನಯವಾದ ಬಟ್ಟೆಯಿಂದ ಒರಸಬಹುದು, ದ್ರವವನ್ನು ಬಟ್ಟೆಗೆ ಹಾಕಬೇಕಲ್ಲದೆ ಗಾಜಿಗೆ ಸುರಿಯಬಾರದು. ಕನ್ನಡಿಗಳನ್ನು ಮಾತ್ರ ಉಜ್ಜಲಾಗದು. ಅವುಗಳ ಲೇಪ ಮುಂಮೈಯಲ್ಲಿಯೇ ಇರುವುದರಿಂದ ಗೀರು ಬಿದ್ದರೆ ಮತ್ತೆ ಸರಿಪಡಿಸಲಾಗದು. ರಬ್ಬರಿನ ಗಾಳಿಬುರುಡೆಯಿಂದ ಊದಿದರೆ ಸಾಕು. ಯಂತ್ರದ ಒಳಗೆ ಜೀವಿಗಳೂ ಇರುತ್ತವೆ ಎಂಬುದನ್ನು ನಮ್ಮವರಿಗೆ ನೆನಪಿಸಬೇಕಾಗಿಲ್ಲವಾದರೂ ಹೇಳುತ್ತೇನೆ: ಬೆಚ್ಚಗಿನ ಕತ್ತಲೆಯ ಪೆಟ್ಟಿಗೆಯನ್ನು ಇರುವೆಗಳೂ ಜೇಡಗಳೂ ಬಹಳ ಬೇಗ ಕಂಡುಕೊಳ್ಳುತ್ತವೆ. ತೆರೆಯುವ ಮುನ್ನ ನೋಡಿ ತೆರೆಯುವುದು ಮುನಿಗಳಿಗೆ ಹೇಳಿದ ಆದಾನನಿಕ್ಷೇಪಣ ಸಮಿತಿಯ ಗೃಹಸ್ಥರೂಪವೆಂದೇ ತಿಳಿಯಬಹುದು.

ಇದೆಲ್ಲವೂ ಸರಿಯಿದ್ದೂ ಯಂತ್ರ ಓಗೊಡದಿರುವುದುಂಟು. ಆಗ ದೋಷ ಯಂತ್ರದಲ್ಲಿಲ್ಲ, ಅದಕ್ಕೂ ಕಂಪ್ಯೂಟರಿಗೂ ನಡುವಣ ಭಾಷೆಯಲ್ಲಿದೆ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ತಯಾರಕರ ಬೆಂಬಲ ಕೊನೆಗೊಂಡಿತು. ಕಂಪ್ಯೂಟರನ್ನು ಬದಲಾಯಿಸಿದವರಲ್ಲಿ ಕೆಲವರಿಗೆ ನಿನ್ನೆಯವರೆಗೆ ದುಡಿಯುತ್ತಿದ್ದ ಸ್ಕ್ಯಾನರು ಇಂದು ‘ಕೆಟ್ಟಿದೆ’ ಎಂದು ತೋರಿರಲು ಸಾಕು. 64 ಬಿಟ್ಟಿನ ವ್ಯವಸ್ಥೆಗೆ 64 ಬಿಟ್ಟಿನ ಚಾಲಕ ತಂತ್ರಾಂಶವೇ ಬೇಕು. ಹಳೆಯ ಮಾದರಿಗಳಿಗೆ ಅದನ್ನು ಬರೆದುಕೊಡಲು ತಯಾರಕರು ಮನಸ್ಸು ಮಾಡುವುದಿಲ್ಲ. ಯಂತ್ರದ ಒಂದು ಹಲ್ಲೂ ಸವೆದಿರುವುದಿಲ್ಲ, ಅದರ ಮಾತನ್ನು ಬಲ್ಲವರು ಇಲ್ಲವಾಗಿರುತ್ತಾರೆ. ಮೂಡುಬಿದಿರೆಯ ಧವಲ ಜಯಧವಲಗಳು ಹಳಗನ್ನಡ ಲಿಪಿಯ ಓಲೆಗಳಲ್ಲಿ ಶತಮಾನಗಳ ಕಾಲ ಓದುವವರಿಲ್ಲದೆ ಉಳಿದಿದ್ದವು. ಧವಲಟೀಕೆಯ ಮುದ್ರಣ ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಆರಂಭವಾದುದು 1939ರಲ್ಲಿ. ಲಿಪಿ ಬಾರದವನು ಗ್ರಂಥ ಕೆಟ್ಟಿದೆ ಎಂದಿದ್ದರೆ ಏನಾಗುತ್ತಿತ್ತು? ಹೋಲಿಕೆ ದೊಡ್ಡದಾಯಿತು ಎನ್ನುವವರು ಎನ್ನಲಿ. ಸ್ಕ್ಯಾನರಿನ ಮಟ್ಟಿಗೆ ಉಪಾಯಗಳಂತೂ ಇವೆ. ಲಿನಕ್ಸಿನಲ್ಲಿ ಸೇನ್ ಎಂಬ ಉಚಿತ ತಂತ್ರಾಂಶವು ಬಹುಸಂಖ್ಯೆಯ ಹಳೆಯ ಸ್ಕ್ಯಾನರುಗಳನ್ನು ಬಲ್ಲುದು. ಹಣ ಕೊಟ್ಟು ಪಡೆಯಬಹುದಾದ ವ್ಯೂಸ್ಕ್ಯಾನ್ 1998ರಿಂದಲೂ ಇದೇ ಕೆಲಸವನ್ನು ಮಾಡುತ್ತ ಬಂದಿದೆ. ಹಳೆಯ ಕಂಪ್ಯೂಟರನ್ನು ಅಂತರ್ಜಾಲದ ಸಂಪರ್ಕವಿಲ್ಲದೆ ಸ್ಕ್ಯಾನರಿನ ಜೊತೆಗಾರನಾಗಿ ಉಳಿಸಿಕೊಳ್ಳುವುದೂ ಒಂದು ಮಾರ್ಗ.

ಇಷ್ಟೆಲ್ಲ ಶೋಧನೆ ಮಾಡಬೇಕೆ, ನಾಲ್ಕಾರು ಸಾವಿರಕ್ಕೆ ಹೊಸದು ಬರುವಾಗ ಎಂದು ಕೇಳುವವರಿದ್ದಾರೆ. ಲೆಕ್ಕದ ಪ್ರಶ್ನೆಗೆ ಲೆಕ್ಕದಿಂದಲೇ ಉತ್ತರಿಸೋಣ. ಆದಾಯ ತೆರಿಗೆಯ ನಿಯಮದಲ್ಲಿ ಕಂಪ್ಯೂಟರುಗಳ ಸವಕಳಿ ದರವು ಶೇ. 60 ಇದ್ದುದು 2017-18ರ ಆರ್ಥಿಕ ವರ್ಷದಿಂದ ಶೇ. 40ಕ್ಕೆ ಇಳಿಯಿತು. ಆ ದರದಲ್ಲಿ 10,000 ರೂಪಾಯಿಯ ವಸ್ತು ಐದು ವರ್ಷದ ಕೊನೆಗೆ ಪುಸ್ತಕದಲ್ಲಿ 778 ರೂಪಾಯಿಯಾಗಿ ನಿಲ್ಲುತ್ತದೆ. ಪುಸ್ತಕದ ಬೆಲೆ ಅಳಿದುದನ್ನು ನೋಡಿ ವಸ್ತುವೇ ಅಳಿಯಿತೆಂದು ಭಾವಿಸುವುದು ತರುಣರ ಪಕ್ಷದವರ ಭ್ರಮೆ. ಕೊಂಡಾಗ ಇಷ್ಟು ಹಣ ಕೊಟ್ಟಿದ್ದೆವು, ಬಿಡುವುದು ಹೇಗೆ ಎಂಬುದು ಹಿರಿಯರ ಪಕ್ಷದವರ ಭ್ರಮೆ. ಕೊಟ್ಟ ಹಣ ಕೊಟ್ಟಾಯಿತು, ಇಂದಿನ ನಿರ್ಣಯಕ್ಕೆ ಅದು ಆಧಾರವಾಗಲಾರದು. ವಾಣಿಜ್ಯಶಾಸ್ತ್ರದ ಮೊದಲ ವರ್ಷದಲ್ಲಿಯೇ ಕಲಿಸುವ ಈ ಪಾಠವನ್ನು ಅಂಗಡಿಯಲ್ಲಿ ಪಾಲಿಸುವವರೇ ಬಸದಿಯ ಕಚೇರಿಯಲ್ಲಿ ಮರೆಯುತ್ತಾರೆ. ದತ್ತಿಯ ಹಣವೆಂಬ ಭಯವೇ ಅದಕ್ಕೆ ಕಾರಣವಿರಬೇಕು, ಆ ಭಯ ಒಳ್ಳೆಯದೇ, ಆದರೆ ಅದು ಲೆಕ್ಕ ಮಾಡುವ ಶಕ್ತಿಯನ್ನು ಕುಂದಿಸಬಾರದು.

ಎರಡೂ ಪಕ್ಷದವರು ಬರೆಯದೆ ಬಿಟ್ಟ ಒಂದು ಖಾತೆಯಿದೆ. ಅದು ಕಾಗದದ ಖಾತೆ. ಮರದ ತಿರುಳಿನ ಹಳೆಯ ಕಾಗದದಲ್ಲಿ ಆಮ್ಲ ಉಳಿದು, ವರುಷಗಳು ಕಳೆದಂತೆ ಅದು ಹಳದಿಯಾಗಿ ಹಪ್ಪಳದಂತಾಗುತ್ತದೆ. ಹೊಲಿದು ಕಟ್ಟಿದ ಖಾತೆಪುಸ್ತಕವನ್ನು ಬೋರಲಾಗಿರಿಸಿ ಮುಚ್ಚಳದಿಂದ ಒತ್ತುವಾಗಲೆಲ್ಲ ಅದರ ಬೆನ್ನು ಅಷ್ಟಷ್ಟಾಗಿ ಮುರಿಯುತ್ತದೆ. ಸ್ಕ್ಯಾನರಿಗೆ ಎರಡನೆಯ ಅವಕಾಶ ಕೊಡಬಹುದು, ಕೆಲವು ಪುಟಗಳಿಗೆ ಎರಡನೆಯ ಅವಕಾಶವೇ ಇಲ್ಲ. ದೋಷಯುಕ್ತವಾದ ಯಂತ್ರದಿಂದ ಮೂರು ಬಾರಿ ತೆಗೆದು, ಮೂರರಲ್ಲಿ ಒಂದು ಪರವಾಗಿಲ್ಲವೆಂದು ಸಮಾಧಾನಪಟ್ಟುಕೊಳ್ಳುವಾಗ, ನಾವು ಉಳಿಸಿದ ಹಣವನ್ನು ಆ ಪುಟವು ತನ್ನ ಆಯುಷ್ಯದಿಂದ ತೆತ್ತಿರುತ್ತದೆ. (ತಾಳೆಗರಿಯ ಮಾತನ್ನಂತೂ ಇಲ್ಲಿ ಎತ್ತಲೇಬಾರದು. ಓಲೆಯನ್ನು ಗಾಜಿನ ಮೇಲೆ ಒತ್ತುವವರ ಕೈಗೆ ಓಲೆಯನ್ನೇ ಕೊಡಬಾರದು. ಅದಕ್ಕೆ ಮೇಲಿನಿಂದ ಚಿತ್ರ ತೆಗೆಯುವ ಕ್ಯಾಮೆರಾ, ಅದನ್ನು ಬಲ್ಲ ಕೈ ಎರಡೂ ಬೇಕು.) ಆದುದರಿಂದ ಯಂತ್ರವನ್ನು ಪರೀಕ್ಷಿಸುವುದಿದ್ದರೆ ಇಂದಿನ ವೃತ್ತಪತ್ರಿಕೆಯ ಹಾಳೆಯಿಂದ ಪರೀಕ್ಷಿಸಬೇಕು, ಹಳೆಯ ಪುಟದಿಂದಲ್ಲ.

ಗೆರೆಯ ವಿಷಯಕ್ಕೆ ಮತ್ತೆ ಬರುತ್ತೇನೆ, ಏಕೆಂದರೆ ಖಾತೆಪುಸ್ತಕದಲ್ಲಿ ಅದರ ಅನರ್ಥ ಬೇರೆಯೇ ಬಗೆಯದು. ಗದ್ಯದ ಪುಟದಲ್ಲಿ ಉದ್ದಗೆರೆ ಬಿದ್ದರೆ ಪ್ರತಿ ಸಾಲಿನ ಒಂದೊಂದು ಅಕ್ಷರ ನವೆಯುತ್ತದೆ, ಓದುವವನು ಪ್ರಸಂಗದಿಂದ ಊಹಿಸಿಕೊಳ್ಳುತ್ತಾನೆ. ಲೆಕ್ಕದ ಪುಟದಲ್ಲಿ ಅಂಕಣಗಳೂ ಉದ್ದಕ್ಕೇ ಇವೆ. ಗೆರೆಯು ನೂರರ ಸ್ಥಾನದ ಮೇಲೆ ಬಿದ್ದರೆ ಆ ಪುಟದ ಎಲ್ಲ ನೂರುಗಳೂ ಒಟ್ಟಿಗೆ ಸಂದೇಹಕ್ಕೆ ಒಳಗಾಗುತ್ತವೆ. ಅಂಕಿಯನ್ನು ಪ್ರಸಂಗದಿಂದ ಊಹಿಸಲಾಗದು. ಯಾರ ಪೂರ್ವಜರು ಬಸದಿಗೆ ಎಷ್ಟು ಕೊಟ್ಟರು, ಯಾವ ಗದ್ದೆಯ ಗೇಣಿ ಎಷ್ಟು ಬರುತ್ತಿತ್ತು ಎಂಬುದಕ್ಕೆ ಮೂಲ ನಶಿಸಿದ ಮೇಲೆ ಈ ಚಿತ್ರವೇ ಸಾಕ್ಷಿ. ಹೀಗಿರುವಾಗ ‘ಸ್ವಲ್ಪ ಗೆರೆ ಬರುತ್ತದೆ, ನಡೆಯುತ್ತದೆ’ ಎಂಬ ಮಾತು ಮಿತವ್ಯಯವಲ್ಲ, ಸತ್ಯಾಣುವ್ರತಕ್ಕೆ ಸಂಬಂಧಿಸಿದ ಮಾತು. ಸುಳ್ಳು ಲೇಖ್ಯವನ್ನು ಸೃಷ್ಟಿಸುವುದು ಆ ವ್ರತದ ಅತಿಚಾರಗಳಲ್ಲಿ ಒಂದೆಂದು ನಾವು ಓದಿದ್ದೇವೆ. ಅಲ್ಲಿ ಹೇಳಿರುವುದು ವಂಚನೆಯ ಉದ್ದೇಶವುಳ್ಳವನ ಕುರಿತು, ನಿಜ. ಆದರೆ ದೋಷವನ್ನು ಬಲ್ಲವನು ಅದನ್ನು ತಿಳಿಸದೆ ಪ್ರತಿಯನ್ನು ಮುಂದಿನ ತಲೆಮಾರಿಗೆ ದಾಟಿಸಿದರೆ ಅವನು ಎಷ್ಟು ದೂರ ನಿಂತಂತಾಯಿತು?

ಕಾಣುವ ದೋಷಕ್ಕಿಂತ ಕಾಣದ ದೋಷ ಭಯಂಕರ. 2013ರಲ್ಲಿ ಜರ್ಮನಿಯ ಡೇವಿಡ್ ಕ್ರೀಸೆಲ್ ಎಂಬ ಕಂಪ್ಯೂಟರ್ ತಜ್ಞರು ಒಂದು ಸಂಗತಿಯನ್ನು ಬಯಲಿಗೆ ತಂದರು. ಕಟ್ಟಡದ ನಕ್ಷೆಯೊಂದನ್ನು ಜೆರಾಕ್ಸ್ ಕಂಪನಿಯ ವರ್ಕ್‌ಸೆಂಟರ್ ಯಂತ್ರದಲ್ಲಿ ಸ್ಕ್ಯಾನ್ ಮಾಡಿದಾಗ, 14.13, 21.11, 17.42 ಚದರ ಮೀಟರಿನ ಮೂರು ಕೋಣೆಗಳೂ ಚಿತ್ರದಲ್ಲಿ 14.13 ಎಂದೇ ಕಾಣಿಸಿದವು. ಕಡತವನ್ನು ಚಿಕ್ಕದಾಗಿಸಲು ಯಂತ್ರವು ಜೆಬಿಗ್2 ಎಂಬ ಸಂಕೋಚನ ವಿಧಾನದಿಂದ ಒಂದನ್ನೊಂದು ಹೋಲುವ ಆಕಾರಗಳನ್ನು ಒಂದೇ ಎಂದು ಬಗೆದು, ಒಂದರ ಚಿತ್ರವನ್ನು ಇನ್ನೊಂದರ ಜಾಗದಲ್ಲಿ ಇರಿಸುತ್ತಿತ್ತು. ಅಂಕಿಗಳು ಸ್ಪಷ್ಟವಾಗಿದ್ದವು, ಸುಂದರವಾಗಿಯೂ ಇದ್ದವು, ಸುಳ್ಳಾಗಿದ್ದವು. ಕಂಪನಿಯವರು ಅನಂತರ ತಂತ್ರಾಂಶವನ್ನು ತಿದ್ದಿದರು. ಹಳೆಯ ಲಿಪಿಕಾರರು ಗ್ರಂಥದ ಕೊನೆಯಲ್ಲಿ, ಕಣ್ತಪ್ಪಿ ಬರೆದುದನ್ನು ಬಲ್ಲವರು ತಿದ್ದಿಕೊಳ್ಳಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತಿದ್ದರು. ಯಂತ್ರಕ್ಕೆ ಆ ವಿನಯವಿಲ್ಲ. ಅದರ ಪರವಾಗಿ ನಾವೇ ಆ ಮಾತನ್ನು ಬರೆಯಬೇಕು. ಹೊಸದನ್ನು ಕೊಂಡ ಮಾತ್ರಕ್ಕೆ ಸತ್ಯ ಲಭಿಸಿತೆಂದು ನಂಬುವವರಿಗಾಗಿ ಈ ಪ್ರಸಂಗವನ್ನು ಹೇಳಿದೆ. ಮೂಲಪ್ರತಿಯನ್ನು ಸಂಕೋಚನವಿಲ್ಲದ ಟಿಫ್ ರೂಪದಲ್ಲಿ ಇರಿಸುವುದೇ ಕ್ಷೇಮ. ಎ4 ಪುಟವೊಂದು 300 ಡಿಪಿಐಯಲ್ಲಿ ಬಣ್ಣಸಹಿತ ಸುಮಾರು 26 ಮೆಗಾಬೈಟ್ ಆಗುತ್ತದೆ, ಆಗಲಿ.

ಹೊಸ ಯಂತ್ರಗಳ ಬಗೆಗೆ ಇನ್ನೊಂದು ಮಾತು. ಅಗ್ಗವಾಗಿ ದೊರೆಯುವ ತೆಳುವಾದ ಸ್ಕ್ಯಾನರುಗಳಲ್ಲಿ ಬಹುಪಾಲಿನವು ಸಿಐಎಸ್ ಎಂಬ ಸಂವೇದಕವನ್ನು ಹೊಂದಿರುತ್ತವೆ. ಅದು ಗಾಜಿಗೆ ಅಂಟಿದಂತಿರುವುದರಿಂದ ಗಾಜನ್ನು ಮುಟ್ಟಿದ್ದನ್ನು ಮಾತ್ರ ಸ್ಫುಟವಾಗಿ ಕಾಣುತ್ತದೆ. ಹೊಲಿಗೆಯ ಬಳಿ ಪುಟ ಕೆಲವು ಮಿಲಿಮೀಟರು ಮೇಲೆದ್ದರೆ ಅಲ್ಲಿಯ ಅಕ್ಷರ ಮಸುಕಾಗುತ್ತದೆ. ಕನ್ನಡಿ ಮಸೂರಗಳನ್ನುಳ್ಳ ಹಳೆಯ ಸಿಸಿಡಿ ಮಾದರಿಗಳಿಗೆ ಆ ಆಳವನ್ನು ಕಾಣುವ ಶಕ್ತಿ ಹೆಚ್ಚು. ಬಿಡಿಹಾಳೆಗೆ ಮೊದಲನೆಯದು ಸಾಕು, ಕಟ್ಟಿದ ಪುಸ್ತಕಕ್ಕೆ ಎರಡನೆಯದೇ ಬೇಕು. ಸಭೆಯಲ್ಲಿ ಮಂಡಿಸಿದ್ದ ಬೆಲೆಪಟ್ಟಿಯಲ್ಲಿದ್ದುದು ಮೊದಲನೆಯ ಬಗೆಯದು. ಹಳೆಯದನ್ನು ಎಸೆದು ಅದನ್ನು ತಂದಿದ್ದರೆ ಹಣವೂ ಹೋಗಿ ಕೆಲಸವೂ ಕೆಡುತ್ತಿತ್ತು.

ಹಾಗೆಂದು ಹಳೆಯದನ್ನು ಬಿಡಲೇಬಾರದೆಂಬ ಹಟವನ್ನು ನಾನು ಸಮರ್ಥಿಸುವುದಿಲ್ಲ. ಪರಿಗ್ರಹವೆಂಬುದು ವಸ್ತುವಿನ ಸಂಖ್ಯೆಯಲ್ಲಿಲ್ಲ, ಮೂರ್ಛೆಯಲ್ಲಿದೆ ಎಂಬುದು ನಮ್ಮ ಸೂತ್ರಕಾರರ ಅಭಿಪ್ರಾಯ. ಹೊಸದರ ಮೇಲಿನ ಆಸೆ ಹೇಗೆ ಮೂರ್ಛೆಯೋ ಹಳೆಯದರ ಮೇಲಿನ ಮಮತೆಯೂ ಹಾಗೆಯೇ. ನಮ್ಮ ಕೆಲವು ಟ್ರಸ್ಟುಗಳ ಉಗ್ರಾಣಗಳಲ್ಲಿ ಓಡದ ಪಂಖ, ಉರಿಯದ ದೀಪ, ಮಾತಾಡದ ಧ್ವನಿವರ್ಧಕಗಳು ‘ಮುಂದೆ ಬೇಕಾದೀತು’ ಎಂಬ ಒಂದೇ ಆಧಾರದ ಮೇಲೆ ದಶಕಗಳಿಂದ ವಾಸವಾಗಿವೆ. ಸಂವೇದಕದ ಬಿಂದುಗಳೇ ಸತ್ತಿದ್ದರೆ, ದೀಪ ಆರಿಹೋಗಿ ಬದಲಿ ದೊರೆಯದಿದ್ದರೆ, ಹಳಿ ಸವೆದು ಅಕ್ಷರದ ಅಳತೆ ಪುಟದಿಂದ ಪುಟಕ್ಕೆ ಬೇರೆಯಾಗುತ್ತಿದ್ದರೆ, ಅಂಥ ಯಂತ್ರವನ್ನು ಅಭಿಲೇಖದ ಕೆಲಸದಿಂದ ಇಳಿಸಲೇಬೇಕು. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂದು ಹೆಮ್ಮೆಯಿಂದ ಹೇಳಿಕೊಳ್ಳುವ ಸಮಾಜ ನಮ್ಮದು. ಆಕೆ ಕಂಠದ ಮೊನೆ ಮುರಿದ ಲಿಪಿಕಾರನಿಗೆ ಅದರಲ್ಲಿಯೇ ಬರೆ ಎಂದಿರಲಾರಳು.

ಇಳಿಸಿದ ಯಂತ್ರವನ್ನು ಏನು ಮಾಡಬೇಕು? ಹತ್ತಿರದ ಶಾಲೆಗೆ ದಾನ ಮಾಡೋಣ ಎಂಬ ಸಲಹೆ ಎಲ್ಲ ಸಭೆಗಳಲ್ಲಿಯೂ ಬರುತ್ತದೆ, ಚಪ್ಪಾಳೆಯೂ ಬೀಳುತ್ತದೆ. ನನಗೆ ಇದು ಸಮ್ಮತವಲ್ಲ. ನಮಗೆ ಉಪಯೋಗವಿಲ್ಲದ್ದನ್ನು, ದೋಷವನ್ನು ತಿಳಿಸದೆ, ಇನ್ನೊಬ್ಬರ ಮನೆಗೆ ಸಾಗಿಸಿ ಅದಕ್ಕೆ ದಾನವೆಂದು ಹೆಸರಿಡುವುದು ಕಸವನ್ನು ನೆರೆಯವನ ಅಂಗಳಕ್ಕೆ ಗುಡಿಸಿದಂತೆ. ದೋಷವನ್ನು ಬರೆದು ಅಂಟಿಸಿ, ಬೇಕಾದರೆ ತೆಗೆದುಕೊಳ್ಳಿ ಎಂದು ಕೊಡುವುದು ಬೇರೆ ಮಾತು. ಯಾವ ಕೆಲಸಕ್ಕೂ ಬಾರದಿದ್ದರೆ ಗುಜರಿಯವನಿಗೆ ತೂಕಕ್ಕೆ ಹಾಕಲೂಬಾರದು. ಹಳೆಯ ಮಾದರಿಗಳ ಕೊಳವೆದೀಪದಲ್ಲಿ ಕೆಲವು ಮಿಲಿಗ್ರಾಂ ಪಾದರಸವಿರುತ್ತದೆ. ಅದನ್ನು ಒಡೆದರೆ ಆವಿಯನ್ನು ಉಸಿರಾಡುವವರು ಆ ಗುಜರಿಯವನ ಮಕ್ಕಳು. ತಂತಿಯ ತಾಮ್ರಕ್ಕಾಗಿ ಪ್ಲಾಸ್ಟಿಕ್ಕನ್ನು ಬಯಲಲ್ಲಿ ಸುಡುವುದನ್ನೂ ನಾವು ನೋಡಿದ್ದೇವೆ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ 2022ರ ವಿದ್ಯುನ್ಮಾನ ತ್ಯಾಜ್ಯ ನಿಯಮಗಳು ಇಂಥ ವಸ್ತುಗಳು ನೋಂದಾಯಿತ ಮರುಬಳಕೆದಾರರನ್ನು ಸೇರಬೇಕೆಂದು ಹೇಳುತ್ತವೆ. ಸ್ವಲ್ಪ ದೂರ ಹೋಗಬೇಕಾದೀತು, ಸ್ವಲ್ಪ ಕಾಯಬೇಕಾದೀತು, ಗುಜರಿಯ ನೂರು ರೂಪಾಯಿ ಕೈತಪ್ಪೀತು. ಮುನಿಗಳ ಐದು ಸಮಿತಿಗಳಲ್ಲಿ ಕೊನೆಯದು ತ್ಯಜಿಸುವುದನ್ನೇ ಕುರಿತದ್ದು. ತಮ್ಮ ದೇಹದ ಮಲವನ್ನು ಎಲ್ಲಿ ಬಿಡಬೇಕೆಂದು ಅಷ್ಟು ನೋಡಿ ನಡೆಯುವವರನ್ನು ಪೂಜಿಸುವ ನಾವು, ನಮ್ಮ ಯಂತ್ರಗಳ ಮಲವನ್ನು ಎಲ್ಲಿ ಬಿಡುತ್ತೇವೆಂದು ನೋಡದಿದ್ದರೆ ಆ ಪೂಜೆಗೆ ಅರ್ಥ ಹುಡುಕುವುದು ಕಷ್ಟ.

ಮೇಲೆ ಹೇಳಿದ ಟ್ರಸ್ಟಿನ ಯಂತ್ರದ ಬೀಗವನ್ನು ತೆರೆದಾಗ ಶಬ್ದ ನಿಂತಿತು. ಬಿಳಿಯ ಪಟ್ಟಿಯನ್ನು ಶುಚಿಗೊಳಿಸಿದ ಮೇಲೆ ಗೆರೆಯೂ ಬಹಳ ಮಟ್ಟಿಗೆ ಹೋಯಿತು, ಎಡ ಅಂಚಿನ ಬಳಿ ಕೂದಲೆಳೆಯಷ್ಟು ಉಳಿದಿದೆ. ಅದು ಅಂಚಿನ ಖಾಲಿ ಜಾಗದಲ್ಲಿ ಬೀಳುವಂತೆ ಹಾಳೆಯನ್ನು ಸರಿಸಿ ಇಡುತ್ತಾರೆ. ಯಂತ್ರ ಈಗ ಬಿಡಿ ರಸೀದಿಗಳಿಗೆ ಮತ್ತು ಗಟ್ಟಿಯಾಗಿರುವ ಸಂಪುಟಗಳಿಗೆ ಮಾತ್ರ. ಬೆನ್ನು ಮುರಿಯುವ ಸ್ಥಿತಿಯಲ್ಲಿರುವ ಖಾತೆಪುಸ್ತಕಗಳನ್ನು ಪ್ರತ್ಯೇಕವಾಗಿ ಕಟ್ಟಿಟ್ಟು, ಮೇಲಿನಿಂದ ಚಿತ್ರ ತೆಗೆಯುವ ವ್ಯವಸ್ಥೆಗಾಗಿ ಒಬ್ಬ ದಾನಿಗಳನ್ನು ಕೇಳಿದ್ದಾರೆ. ಗೆರೆಯೊಡನೆ ಈಗಾಗಲೇ ತೆಗೆದಿದ್ದ ಪುಟಗಳ ಪಟ್ಟಿಯನ್ನು ಸೂಚಿಯಲ್ಲಿ ಬರೆದು, ಗೆರೆ ಯಾವ ಅಂಕಣದ ಮೇಲೆ ಬಿದ್ದಿದೆಯೆಂಬುದನ್ನೂ ನಮೂದಿಸಲಾಗಿದೆ. ಆ ಪುಟಗಳನ್ನು ಮತ್ತೊಮ್ಮೆ ಬಿಚ್ಚಿ ತೆಗೆಯಬೇಕೇ, ಅಥವಾ ಸಂದೇಹವಿರುವ ಅಂಕಿಗಳನ್ನು ಮಾತ್ರ ಕಣ್ಣಿನಿಂದ ಓದಿ ಕೈಯಲ್ಲಿ ಬರೆದಿಟ್ಟುಕೊಂಡು ಕಾಗದಕ್ಕೆ ವಿಶ್ರಾಂತಿ ಕೊಡಬೇಕೇ ಎಂಬುದು ಮುಂದಿನ ಸಭೆಯ ವಿಷಯಸೂಚಿಯಲ್ಲಿದೆ. ನನ್ನ ಮತ ಎರಡನೆಯದಕ್ಕೆ.